ಸೀಮೋಲ್ಲಂಘನಕ್ಕೊಂದು ಕೋಟೆ

ಇಡೀ ಇಂಗ್ಲೆಂಡಿನಲ್ಲಿ ಸ್ವಂತ ಕೋಟೆಯಿರುವ ಧಾರವಾಡದ ಡಾಕ್ಟರು ನಾನೊಬ್ಬನೇ. ಕಾಗದಪತ್ರದಲ್ಲಿ ಅದು ಸರ್ಕಾರದ್ದು, ಇರಲಿ. ಲಂಡನ್ನಿನ ಅಂಚಿನ ಹೊಲಗಳ ನಡುವೆ ನಾರ್ಮನ್ನರು ಒಂಬತ್ತು ನೂರು ವರ್ಷಗಳ ಹಿಂದೆ ಮಣ್ಣು ಪೇರಿಸಿ ಕಟ್ಟಿದ ಕೋಟೆ ಅದು. ನನ್ನಷ್ಟು ಸಲ ಆ ನಾರ್ಮನ್ನರೂ ಅದನ್ನು ಹತ್ತಿರಲಿಕ್ಕಿಲ್ಲ. ಈಗ ಉಳಿದಿರುವುದು ಹುಲ್ಲು ಬೆಳೆದ ದಿಬ್ಬ, ಸುತ್ತ ಕಂದಕ, ನೆತ್ತಿಯ ಮೇಲೊಂದು ಮುಳ್ಳಿನ ಮರ. ಇಲ್ಲಿ ಅಗೆಯಕೂಡದು ಎಂದು ಬರೆದ ಹಲಗೆ ಪೊದೆಯೊಳಗೆ ಮುಚ್ಚಿಹೋಗಿದೆ.

ದಸರೆಯ ಸೀಮೋಲ್ಲಂಘನಕ್ಕೆ, ಅಂದರೆ ಊರ ಗಡಿ ದಾಟಿ ಬನ್ನಿ ಕೊಟ್ಟು ತೆಗೆದುಕೊಳ್ಳಲಿಕ್ಕೆ, ನಾನೂ ನನ್ನ ಹೆಂಡತಿ ಇಂದುವೂ ಪ್ರತಿವರ್ಷ ಬರುತ್ತಿದ್ದುದು ಇಲ್ಲಿಗೇ. ಅವಳು ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ಈ ಸಲ ನನ್ನ ಕೈಯಿಂದ ಯಾರಾದರೂ ಬನ್ನಿ ತೆಗೆದುಕೊಳ್ಳಲೇಬೇಕಿತ್ತು. ಹೇಸ್‌ನಲ್ಲಿರುವ ಅವಳ ತಂಗಿಯ ಮಗಳು ಮಾಳವಿಕಾಳನ್ನು ಗಂಡ, ಮಕ್ಕಳ ಸಮೇತ ಕರೆದೆ. ದಾರಿಯನ್ನು ಫೋನಿಗೆ ಕಳಿಸಿದೆ. ವಿಂಡ್ಸರ್ ಕೋಟೆ ನನ್ನದರ ಹಿತ್ತಿಲಿಗೂ ಸಾಲದು ಎಂದೆ. ಬುರುಜಿನ ಮೇಲೆ ನಿಂತರೆ ಪ್ಯಾರಿಸ್ ಕಾಣುತ್ತದೆ ಎಂದೂ ಸೇರಿಸಿದೆ.

ಅವರು ಕಾರಿನಿಂದಿಳಿದದ್ದು ಮೇಲಿಂದ ಕಂಡಿತು. ಅರಸನಾದವನು ಬಾಗಿಲಿಗೆ ಹೋಗಿ ನಿಲ್ಲುತ್ತಾನೆಯೇ? ಹತ್ತಿ ಬಂದಾಗ ಗತ್ತಿನಿಂದ ಎದುರಾಗೋಣವೆಂದು ಮರದ ಮರೆಯಲ್ಲಿ ಕೂತೆ. ಅವರು ಬುಡದಲ್ಲಿ ನಿಂತು ಅತ್ತಿತ್ತ ನೋಡಿದರು. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕುಡಿದರು. ಹೊರಟೇಬಿಟ್ಟರು. ನಾನು ಎದ್ದು ಹಾಕಿದ ಕೂಗಿಗೆ ಹೀಥ್ರೋದಲ್ಲಿ ಇಳಿಯಬೇಕಿದ್ದ ವಿಮಾನವೇ ಬೆಚ್ಚಿ ಮೇಲೇರಿತು. ಕಾರು ಮಾತ್ರ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಮಾಳವಿಕಾಳ ಫೋನ್ ಬಂತು.

“ಕಾಕಾ, ಕೋಟಿ ಸಿಗಲಿಲ್ರೀ. ಬರೇ ಒಂದು ಮಣ್ಣಿನ ದಿಬ್ಬ ಇತ್ತು. ತಿರುಗಿ ಬರೋಣೇನು? ನೀವು ಒಬ್ಬರ ಅದೀರೇನು ಅಲ್ಲೆ?”

ಆ ದಿಬ್ಬವೇ ಕೋಟೆ ಎನ್ನಲಿಲ್ಲ.

“ಒಬ್ಬನ ಯಾಕ? ಅರ್ಧ ಲಂಡನ್ ಇಲ್ಲೇ ಬಂದದ. ಕಾಲಿಡಲಿಕ್ಕೆ ಜಾಗಾ ಇಲ್ಲ ನೋಡವಾ. ಬನ್ನಿನೂ ಮುಗೀಲಿಕ್ಕೆ ಬಂತು. ನೀವು ಮಕ್ಕಳನ್ನ ಕರಕೊಂಡು ಆರಾಮ ಮನೀಗೆ ಹೋಗ್ರಿ.”

“ಹಂಗಾದ್ರ ಛೊಲೋ ಆತು ಬಿಡ್ರಿ,” ಎಂದಳು. ಅವಳ ದನಿಯಲ್ಲಿ ನಿಜವಾದ ಸಮಾಧಾನವಿತ್ತು. “ನಿಮಗ ಬ್ಯಾಸರ ಆಗ್ತದೇನೋ ಅಂತ ನನಗ ಚಿಂತಿ ಆಗಿತ್ತು.”

ಫೋನ್ ಕಿಸೆಗಿಟ್ಟೆ. ಧಾರವಾಡದಿಂದ ತರಿಸಿದ ಬನ್ನಿಯ ಪೊಟ್ಟಣ ಬಿಚ್ಚಿ, ನನ್ನ ಇಂದು ಪ್ರತಿವರ್ಷ ನಿಲ್ಲುತ್ತಿದ್ದ ಕಡೆಗೆ ತಿರುಗಿ, ಒಂದು ಎಲೆಯನ್ನು ಚಾಚಿ ಹಿಡಿದು ನಿಂತೆ. ಕೈ ಸೋತಿತು. ಎಲೆಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿಕೊಂಡು ಮೆಲ್ಲಗೆ ಇಳಿಯತೊಡಗಿದೆ.