ಧೈರ್ಯ ಹೇಳುತ್ತಿದ್ದ ಡಾಕ್ಟರು

ರಾಜಾಜಿನಗರದ ನಮ್ಮ ಬೀದಿಯಲ್ಲಿ ಡಾಕ್ಟರ್ ಲಕ್ಷ್ಮೀಪತಿಯವರಿಗಿಂತ ಮೊದಲು ಅವರ ಕಂಠ ಆಗಮಿಸುತ್ತಿತ್ತು. ಐದಡಿ ದಾಟಲು ಹೆಣಗುವ ದೇಹ, ಚೈತ್ರದ ಬಿಸಿಲಿನಲ್ಲೂ ಬಿಡದ ಕಂದು ಉಣ್ಣೆಯ ಕೋಟು, ಎಲ್ಲೋ ರೈಲು ಹೊರಟುಬಿಟ್ಟಿದೆಯೇನೋ ಎಂಬಂಥ ದಾಪುಗಾಲು. ಇವೆಲ್ಲದರ ಮೇಲೆ ಹರಿಕಥೆ ದಾಸರಿಗೂ ಹೊಟ್ಟೆಕಿಚ್ಚು ತರಿಸುವ ಆ ಧ್ವನಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಭುಜ ಹಿಡಿದು ಅಲುಗಿಸಿ, "ಏನೂ ಆಗಲ್ಲ, ನಾನಿದೀನಿ" ಎಂದು ಅವರು ಗುಡುಗಿದರೆ ಹೊರಗೆ ಬೆಂಚಿನ ಮೇಲೆ ಕುಳಿತ ನೆಂಟರಿಗೂ ಹೋದ ಜೀವ ಬಂದಂತಾಗುತ್ತಿತ್ತು. ಇದಕ್ಕೆ ನಮ್ಮ ಜನ ಧೈರ್ಯ ಹೇಳುವುದು ಎನ್ನುತ್ತಾರೆ. ಡಾಕ್ಟರ ಬಳಿ ಅವರು ಬೇಡುವುದು ಅದೊಂದನ್ನೇ.

ನಮ್ಮ ಮನೆಗೆ ಅಂಟಿಕೊಂಡಂತೆಯೇ ಅವರ ಪುಟ್ಟ ನರ್ಸಿಂಗ್ ಹೋಂ. ಸಂಜೆ ಕಾಲೇಜಿನಲ್ಲಿ ಪಾಠ ಹೇಳಿ ಬಂದವನು ಅಲ್ಲಿ ಹೋಗಿ ಕೂರುವುದು ನನ್ನ ವಾಡಿಕೆ. "ಬಾಯಲ್ಲೇ ಅರ್ಧ ಆಪರೇಷನ್ ಮುಗಿಸ್ಬಿಡ್ತೀರಲ್ಲ" ಎಂದು ರೇಗಿಸಿದರೆ, "ಹೆದರಿದ ಮೈಗೆ ಚಾಕು ಹಾಕ್ಬಾರದು ಕಣ್ರೀ" ಎಂದು ನಗುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯ ಸುಮಾರಿಗೆ ವಿಜಯನಗರದ ಶಾಲೆಯೊಂದರ ಮೇಷ್ಟ್ರು ಸೋಮಲಿಂಗಪ್ಪ ಕೊರಳಿನ ಗಂಟು ತೆಗೆಸಿಕೊಳ್ಳಲು ಬಂದರು. "ಏನೂ ಆಗಲ್ಲ ಮೇಷ್ಟ್ರೇ, ಇನ್ಮೇಲೆ ನಿಮ್ಮ ಪಾಠ ಮಾಗಡಿ ರೋಡ್‌ವರೆಗೂ ಕೇಳ್ಸುತ್ತೆ" ಎಂದು ಡಾಕ್ಟರು ಎಂದಿನಂತೆ ಧೈರ್ಯ ಹೇಳಿದರು. ಗಂಟು ಹೋಯಿತು, ಅದರೊಡನೆ ಮೇಷ್ಟ್ರ ಧ್ವನಿಯೂ ಹೋಯಿತು. ಧ್ವನಿಯ ನರ ಆ ಗಂಟಿನ ಬೆನ್ನಿಗೇ ಹಾದುಹೋಗುತ್ತದಂತೆ, ಎಂಥ ನುರಿತ ಕೈಗೂ ಒಮ್ಮೊಮ್ಮೆ ಹೀಗಾಗುವುದುಂಟಂತೆ. ಈ ಅಂತೆಗಳಿಂದ ಮೇಷ್ಟ್ರ ತರಗತಿ ನಡೆಯುವಂತಿರಲಿಲ್ಲ. ಅವರು ಪರಿಹಾರ ಕೇಳಿ ದಾವೆ ಹೂಡಿದರು.

ಸಾಕ್ಷಿಯ ದಿನ ನಾನೂ ಕೋರ್ಟಿಗೆ ಹೋಗಿದ್ದೆ. ಮೇಷ್ಟ್ರ ಮಾತು ಕೇಳಿಸಲೆಂದು ನ್ಯಾಯಾಧೀಶರು ಫ್ಯಾನು ನಿಲ್ಲಿಸಲು ಹೇಳಬೇಕಾಯಿತು. "ಏನೂ ಆಗಲ್ಲ ಅಂದ್ರು ಸ್ವಾಮಿ. ನಾನು ನಂಬ್ದೆ." ಬರೀ ಗಾಳಿಯಂಥ ಆ ಪಿಸುದನಿ ಕೇಳಿ, ಸ್ನೇಹ ಒಂದು ಕಡೆ ಎಳೆದರೂ ನನ್ನ ಮನಸ್ಸು ಮೇಷ್ಟ್ರ ಕಡೆಗೇ ವಾಲಿತು. ಡಾಕ್ಟರು ತಮ್ಮ ಕೋಟಿನ ಗುಂಡಿಯನ್ನು ನೋಡುತ್ತ ಕುಳಿತಿದ್ದರು.

ಎರಡು ವರ್ಷ ಎಳೆದಾಡಿ, ನಿರ್ಲಕ್ಷ್ಯ ನಡೆದಿಲ್ಲವೆಂದು ದಾವೆ ವಜಾ ಆಯಿತು. "ಇನ್ಮೇಲೆ ಬಾಯಿ ಬಿಗಿ ಹಿಡೀರಿ ಡಾಕ್ಟ್ರೇ. ಏನೇನು ಆಗ್ಬಹುದೋ ಎಲ್ಲಾ ಮೊದ್ಲೇ ಹೇಳ್ಬಿಡಿ" ಎಂದರು ಅವರ ವಕೀಲರು. ಡಾಕ್ಟರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಕೈಚಳಕ ಕುಂದಲಿಲ್ಲ, ದಾಪುಗಾಲೂ ನಿಧಾನವಾಗಲಿಲ್ಲ. ಆದರೆ ರೋಗಿಯ ಭುಜ ಹಿಡಿಯುವುದನ್ನು ಬಿಟ್ಟರು; ಮೇಜಿನಾಚೆ ಕುಳಿತು, ಸಂಕಲ್ಪದ ಮಂತ್ರ ಒಪ್ಪಿಸುವವರಂತೆ ಒಂದೇ ಸಮನೆ ಅಪಾಯಗಳನ್ನು ಪಠಿಸತೊಡಗಿದರು.

ಕೆಂಗೇರಿಯ ಕಡೆಯ ರೈತ ಬೆಟ್ಟಯ್ಯ ತನ್ನ ಹೆಂಡತಿ ಮುನಿಲಕ್ಷ್ಮಮ್ಮನನ್ನು ಕರೆತಂದಾಗ ನಾನಲ್ಲಿದ್ದೆ. ಆಕೆಗೆ ಹರ್ನಿಯಾ ಆಗಿ, ಕರುಳು ಹೊರಕ್ಕೆ ಜಾರಿ ಸಿಕ್ಕಿಕೊಂಡಿತ್ತು.

"ಇವತ್ತೇ ಆಪರೇಷನ್ ಆಗ್ಬೇಕು" ಎಂದರು ಡಾಕ್ಟರು. "ಆದ್ರೆ ರಕ್ತ ಹೋಗ್ಬಹುದು, ಕೀವಾಗ್ಬಹುದು, ಪ್ರಜ್ಞೆ ತಪ್ಪಿಸಿದಾಗ ಎದೆ ನಿಂತೂ ಹೋಗ್ಬಹುದು. ಮಾಡ್ಸೋದು ಬಿಡೋದು ನಿಮ್ಮಿಷ್ಟ."

ಮುನಿಲಕ್ಷ್ಮಮ್ಮ ನೋವಿನಲ್ಲೇ ಕೈ ಮುಗಿದಳು. "ಏನೂ ಆಗಕಿಲ್ಲ ಅಂತ ಒಂದ್ಮಾತು ಅನ್ನಿ ಸ್ವಾಮಿ, ಮಲಕ್ಕತೀನಿ."

ಡಾಕ್ಟರ ತುಟಿ ಅಲುಗಿತು. ಬಳಿಕ ತಲೆ ತಗ್ಗಿಸಿ, "ಹಾಗೆ ಹೇಳಕ್ಕಾಗಲ್ಲ ತಾಯಿ" ಎಂದರು.

ಗಂಡಹೆಂಡಿರು ಮುಖ ಮುಖ ನೋಡಿಕೊಂಡು, ನಮಸ್ಕಾರ ಮಾಡಿ ಎದ್ದುಹೋದರು. "ದೊಡ್ಡಾಸ್ಪತ್ರೆಗೆ ಹೋಗ್ತಾರೆ ಬಿಡಿ. ಅಲ್ಲಿ ಮಾಡ್ತಾರೆ" ಎಂದರು ಡಾಕ್ಟರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ.

ಅವರೆಕಾಯಿ ಕಾಲಕ್ಕೆ ಬೆಟ್ಟಯ್ಯ ಒಂದು ಚೀಲ ಸೊಗಡಿನ ಕಾಯಿ ಹೊತ್ತುಕೊಂಡು ಒಬ್ಬನೇ ಬಂದ. ಬೋಳಿಸಿದ್ದ ತಲೆಯಲ್ಲಿ ಕೂದಲು ಆಗತಾನೆ ಮೊಳೆತಿತ್ತು.

"ದೊಡ್ಡಾಸ್ಪತ್ರೇಲಿ ಏನಂದ್ರು?" ಎಂದರು ಡಾಕ್ಟರು.

"ಅಲ್ಲಿಗ್ಯಾಕೆ ಓಗಾನ ಸ್ವಾಮಿ? ನೀವೇ ಕೈಬಿಟ್ಮೇಲೆ ಊರಿಗೇ ಕರ್ಕೊಂಡೋದೊ. ಬ್ಯಾರೆ ಡಾಕ್ಟ್ರಾಗಿದ್ರೆ ಆಸೆ ತೋರ್ಸಿ ಕುಯ್ದಾಕೋರು. ನೀವು ನಿಜ ಹೇಳಿದ್ರಿ. ಹೆಣ್ಮಕ್ಳೆಲ್ಲ ಬಂದು ಬಾಯಿಗೆ ನೀರು ಬಿಟ್ರು. ನಿಮ್ಮ ಉಪಕಾರ ಮರೆಯಕಿಲ್ಲ."

ಅವನು ಬಗ್ಗಿ ಕಾಲು ಮುಟ್ಟಿದ. ಡಾಕ್ಟರು ಕಾಲು ಹಿಂದೆಗೆಯಲಿಲ್ಲ. ಅವನು ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಉಳೀತಿದ್ಲು ಕಣ್ರೀ. ಖಂಡಿತ ಉಳೀತಿದ್ಲು" ಎಂದರು.

ಶಸ್ತ್ರವೈದ್ಯರ ಕುಲ ದೂರಿಗೆ ಹೆದರುತ್ತದೆಂದು ಲೋಕ ತಿಳಿದಿದೆ, ಹೆದರುವುದೂ ನಿಜವೇ. ಆದರೆ ಕೊಯ್ದು ಕೆಟ್ಟದ್ದಕ್ಕೆ ಕಟಕಟೆಯುಂಟು, ಸಾಕ್ಷಿಯುಂಟು, ಒಂದು ದಿನ ಬಿಡುಗಡೆಯೂ ಉಂಟು. ಕೊಯ್ಯದೆ ಕಳೆದುಕೊಂಡದ್ದಕ್ಕೆ ದೂರುವವರೇ ಇಲ್ಲ. ಕೈಮುಗಿದು ಹೋದವರ ಎದುರು ತಾವು ನಿರಪರಾಧಿಗಳೆಂದು ವಾದಿಸಲು ಆ ಕುಲದವರಿಗೆ ಯಾವ ವಕೀಲನೂ ಸಿಗುವುದಿಲ್ಲ.