ಕ್ಯಾಸೆಟ್ಟಿನಲ್ಲಿಲ್ಲದ ಸಾಲು

ಉಗುರುಬಣ್ಣದ ಘಾಟು ಮೂಗಿಗೆ ಬಡಿದರೆ ಸಾಕು, ಕಾಜಾ ಅಕ್ಕನಿಗೆ ಅವಳ ಅಣ್ಣ ನೆನಪಾಗುತ್ತಾನೆ. ಚಿಕ್ಕವಳಿದ್ದಾಗ ಒಮ್ಮೆ ಟೇಪ್ ರೆಕಾರ್ಡರು ಅವಳ ಪ್ರೀತಿಯ ಕ್ಯಾಸೆಟ್ಟಿನ ಸುರುಳಿಯನ್ನು ಕಚ್ಚಿಕೊಂಡಿತ್ತು. ತಂಗಿಯ ಅಳು ನೋಡಲಾರದೆ ಅಣ್ಣ ನಜ್ಜುಗುಜ್ಜಾದಷ್ಟನ್ನು ಕತ್ತರಿಸಿ ಎಸೆದು, ಉಳಿದ ತುದಿಗಳಿಗೆ ಅವಳದೇ ಉಗುರುಬಣ್ಣ ಸವರಿ, ಊದಿ ಊದಿ ಒಣಗಿಸಿ ಅಂಟಿಸಿಕೊಟ್ಟಿದ್ದ.

ಆ ಕ್ಯಾಸೆಟ್ಟಿನಲ್ಲಿ ಹಾಡಿದ್ದು ಬ್ರಿಟನ್ನಿನ ನಾಲ್ವರು ಹುಡುಗರ ಪಾಪ್ ತಂಡ. ಒಂದೆರಡು ಆಲ್ಬಂ ಮಾಡಿ, ಯಾರೂ ಕ್ಯಾರೇ ಅನ್ನದೆ ಮೂಲೆ ಸೇರಿದವರು. ಹಾಗಾಗಿಯೇ ಅವರು ಪೂರ್ತಿ ತನ್ನವರು ಎಂದು ಅವಳ ಲೆಕ್ಕ. ದರ್ಜಿ ಅಂಗಡಿಯ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹೊಲಿಯುವಾಗ, ಅಂದರೆ ಗುಂಡಿ ತೂರುವ ಆ ಪುಟ್ಟ ಕಂಡಿಗಳ ಅಂಚು ಕಟ್ಟುವಾಗ, ನರೆ ಬಂದ ಈ ವಯಸ್ಸಿನಲ್ಲೂ ಅವರ ಹಾಡನ್ನೇ ಗುನುಗುತ್ತಿದ್ದಳು.

ಅವತ್ತು ಹೊಸದಾಗಿ ಸೇರಿದ ಇಸ್ತ್ರಿಯವಳು ದನಿಗೂಡಿಸಿಬಿಟ್ಟಳು.

"ಅಕ್ಕಾ, ನಿಮಗೂ ಇವ್ರು ಗೊತ್ತಾ? ನನ್ನ ಫೋನ್ ತುಂಬ ಇವ್ರದೇ ಹಾಡು! ಆದ್ರೆ ನಡುವೆ ಒಂದು ಸಾಲು ನುಂಗಿಬಿಟ್ರಲ್ಲ?" ಎಂದು ಆ ಸಾಲು ಹಾಡಿಯೂ ತೋರಿಸಿದಳು.

ಅಣ್ಣ ಕತ್ತರಿಸಿ ಎಸೆದ ತುಂಡು! ತನ್ನ ಕ್ಯಾಸೆಟ್ಟಿನ ಆಚೆಯೂ ಅವರು ಇದ್ದಾರೆಂದು ಕಾಜಾ ಅಕ್ಕನಿಗೆ ಯಾವತ್ತೂ ಹೊಳೆದಿರಲಿಲ್ಲ. ತಾನೇ ಮರೆತ ಸಾಲು ನಿನ್ನೆ ಮೊನ್ನೆ ಬಂದವಳ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಅಕ್ಕ ನೂಲನ್ನು ಹಲ್ಲಿನಿಂದ ಕಡಿದು ತಲೆಯೆತ್ತಿದಳು.

"ನಾನು ಹಾಡೋದೇ ಸರಿ. ನೀನು ಇಸ್ತ್ರಿ ನೋಡ್ಕೋ, ಕಾಲರ್ ಸೀದೀತು."

ಕಟಿಂಗ್ ಮಾಸ್ತರರು ನಕ್ಕರು. "ಆ ಹುಡುಗರಿಗೆ ಈಗ ಮೊಮ್ಮಕ್ಕಳಾಗಿರ್ತಾವೆ. ಸವತಿಯರ ಥರ ಆಡ್ತೀರಲ್ಲಮ್ಮಾ!"

"ನಿಮ್ಮ ಕತ್ತರಿ ಬಟ್ಟೆ ಮೇಲಿರಲಿ ಮಾಸ್ತರೇ."

ಇಸ್ತ್ರಿಯವಳ ಮುಖ ಸಣ್ಣಗಾಯಿತು. ತಲೆ ತಗ್ಗಿಸಿ ಕಾಲರಿನ ಮೇಲೆ ಇಸ್ತ್ರಿ ಒತ್ತತೊಡಗಿದಳು. ಊಟದ ಹೊತ್ತು ಹತ್ತಿರವಾದಾಗ ಕಾಜಾ ಅಕ್ಕ, ಇದು ನನ್ನದು ಎನ್ನುವ ಹಾಗೆ, ಬೇಕೆಂದೇ ಗಟ್ಟಿಯಾಗಿ ಅದೇ ಹಾಡು ಎತ್ತಿಕೊಂಡಳು. ಇಸ್ತ್ರಿ ಮೇಜಿನಿಂದ ಮೆಲ್ಲಗೆ ಇನ್ನೊಂದು ದನಿ ಸೇರಿತು. ಆ ಸಾಲಿನ ಜಾಗ ಹತ್ತಿರ ಬಂತು. ಈಗ ಆ ಸಾಲನ್ನು ಮುಖಕ್ಕೆ ಹೊಡೆದಂತೆ ಹಾಡುತ್ತಾಳೆ ನೋಡು, ಎಂದು ಅಕ್ಕ ಸೂಜಿಯನ್ನು ಬಿಗಿಯಾಗಿ ಹಿಡಿದಳು.

ಅವಳು ಹಾಡಲಿಲ್ಲ. ಅಣ್ಣ ಉಗುರುಬಣ್ಣ ಸವರಿದ್ದ ಅದೇ ಜಾಗದಲ್ಲಿ, ಅಕ್ಕನ ಜೊತೆಗೇ, ಟಕ್ಕನೆ ಹಾರಿ ಮುಂದಿನ ಸಾಲಿಗೆ ಇಳಿದಳು. ಗೊತ್ತಿದ್ದದ್ದನ್ನು ಗೊತ್ತಿಲ್ಲದವಳಂತೆ ಬಿಟ್ಟುಕೊಟ್ಟಿದ್ದಳು.

ಕಾಜಾ ಅಕ್ಕನ ಹೊಟ್ಟೆಕಿಚ್ಚು ಪೂರ್ತಿ ಆರಿತೆಂದಲ್ಲ. ಆ ಸಾಲನ್ನು ಇನ್ನೊಮ್ಮೆ ಹಾಡು ಎನ್ನಲು ಬಿಗುಮಾನ ಬಿಡಲಿಲ್ಲ. ಅದು ನಾಳೆಗಿರಲಿ. ಆದರೆ ಬೆಳಗಿನ ಅವಸರದಲ್ಲಿ ಊಟದ ಡಬ್ಬಿ ಮರೆತು ಬಂದೆ ಎಂದು ಇಸ್ತ್ರಿಯವಳು ಮಾಸ್ತರರಿಗೆ ಹೇಳಿದ್ದು ಅಕ್ಕನ ಕಿವಿಗೂ ಬಿದ್ದಿತ್ತು. ತನ್ನ ಡಬ್ಬಿ ಬಿಚ್ಚಿ, ಅರ್ಧಕ್ಕಿಂತ ತುಸು ಹೆಚ್ಚೇ ಮುಚ್ಚಳಕ್ಕೆ ಹಾಕಿ, ಎದ್ದು ಹೋಗಿ ಅವಳ ಕೈಗಿಟ್ಟಳು.