ಹರಸು ಮಾತಿನ ಪರೀಕ್ಷೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಹಟ್ಟಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆದರೆ ಪ್ರೊಫೆಸರ್ ಮಹಾಲಿಂಗಂ ನನ್ನ ಪಿಎಚ್.ಡಿ. ಪ್ರಬಂಧವನ್ನು ವಾಪಸ್ ಕಳಿಸಿ, ಜೊತೆಗೆ ಬರೆದ ಆ ಒಂದು ಸಾಲನ್ನು ಓದಿದ್ದರೆ ಎಂಥ ಶಾಂತಮೂರ್ತಿಗೂ ಮೈ ಉರಿಯುತ್ತಿತ್ತು: 'ಇದು ಸಾಹಿತ್ಯವಲ್ಲ, ಬರೀ ಶಿಷ್ಟಾಚಾರ.'

ನಾನು ಸುಗನ್ಯಾ, ಊಟಿ ಬಳಿಯ ಕಲ್ಲಟ್ಟಿ ಮೇಲಿನ ಒಂದು ಬಡಗ ಜನರ ಹಟ್ಟಿಯವಳು. ನಮ್ಮಲ್ಲಿ ಚಿಕ್ಕವರು ಹಿರಿಯರೆದುರು ತಲೆ ಬಗ್ಗಿಸುತ್ತಾರೆ, ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಆ ಹರಸು ಮಾತು ಬಾಯಿಪಾಠವಲ್ಲ, ಎದುರು ನಿಂತವರನ್ನು ನೋಡಿ ಆ ಗಳಿಗೆಯಲ್ಲಿ ಕಟ್ಟುವ ಕಾವ್ಯ ಎಂಬುದು ನನ್ನ ಪ್ರಬಂಧದ ವಾದ. ಹೊರಗಿನ ಪರೀಕ್ಷಕರಾದ ಪ್ರೊಫೆಸರ್ ನನ್ನ ಧ್ವನಿಮುದ್ರಣಗಳನ್ನೆಲ್ಲ ಕೇಳಿ, 'ಎಲ್ಲರೂ ಅದೇ ನಾಲ್ಕು ಸಾಲು ಹೇಳಿದ್ದಾರಲ್ಲ, ಕಟ್ಟಿದ್ದೆಲ್ಲಿ?' ಎಂದು ಕೇಳಿದ್ದರು. ತಿದ್ದಿಕೊಡಲು ಒಂದೇ ಅವಕಾಶ. ಅದೂ ತಪ್ಪಿದರೆ ನೋಂದಣಿ ರದ್ದು, ಇಷ್ಟು ವರ್ಷದ ಕೆಲಸ ನೀರುಪಾಲು.

ನನಗೆ ಹೆಚ್ಚು ಸಿಟ್ಟು ಬಂದದ್ದು ಅವರು ಹೇಳಿದ್ದು ನಿಜವಾಗಿದ್ದರಿಂದ. ಧ್ವನಿಮುದ್ರಣಗಳಲ್ಲಿ ಎಲ್ಲ ಹಿರಿಯರೂ ಒಂದೇ ಮಾತು ಹೇಳಿದ್ದರು. ನನ್ನ ಸ್ವಂತ ಅಜ್ಜಿ ನಂಜಮ್ಮ ಕೂಡ. ಮದುವೆ ಮನೆಯಲ್ಲಿ ಬಾಯಿ ತೆರೆದರೆ ಊಟ ತಣ್ಣಗಾಗುವವರೆಗೆ ಹರಸುವ ಹೆಂಗಸು ಮೈಕಿನ ಮುಂದೆ ನಾಲ್ಕು ಸಾಲು ಹೇಳಿ ಎದ್ದು ಹೋಗಿದ್ದಳು.

"ಅಂದು ಏನಾಗಿತ್ತು ನಿನಗ?" ಎಂದು ಅವಳ ಮೇಲೆ ಹರಿಹಾಯ್ದೆ.

ಅಜ್ಜಿ ಚಹಾ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಳು. ನನಗಿಂತ ಎರಡು ಪಟ್ಟು ಕೋಪ ಅವಳಿಗೆ. "ನೀ ಕುರ್ಚಿಲಿ ಕೂತು ಆ ಡಬ್ಬಿಯ ಎನ್ನ ಮುಂದ ಹಿಡಿದೆ. ಮಂಡೆ ಬಗ್ಗಿಸದೆ ಕೂತವಳಿಗ ಏನ ಹರಸೋದು? ಆ ಡಬ್ಬಿಗ ಮದುವೆ ಆಗೋದಾ, ಮಕ್ಕ ಹುಟ್ಟೋದಾ?"

ನಾನು ಅಲ್ಲೇ ಜಗಲಿಯ ಮೇಲೆ ಕುಸಿದೆ. ಬೇರೆ ಊರಿನ ಸಂಶೋಧಕರಾಗಿದ್ದರೆ ಕುತೂಹಲಕ್ಕಾದರೂ ಒಮ್ಮೆ ಬಗ್ಗಿ ಹರಸಿಸಿಕೊಳ್ಳುತ್ತಿದ್ದರು. ನಾನು ಮನೆಮಗಳು, ಎಲ್ಲ ಗೊತ್ತಿರುವವಳು. ಕುರ್ಚಿ ಹಾಕಿ, ಮೈಕು ಸಿಕ್ಕಿಸಿ, 'ಹೇಳಿ' ಎಂದಿದ್ದೆ. ಬಗ್ಗಿದ ತಲೆಯೇ ಇಲ್ಲದ ಮೇಲೆ ಅವರು ಯಾರಿಗೆಂದು ಕಟ್ಟಿಯಾರು?

ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಅವರ ಒಪ್ಪಿಗೆ ಪಡೆದು ರೆಕಾರ್ಡರನ್ನು ಕಿಟಕಿಯಲ್ಲಿಟ್ಟೆ, ಹಿರಿಯರ ಎದುರಿಗೆ ಬಗೆಬಗೆಯ ಜನರನ್ನು ಕರೆದೊಯ್ದೆ. ವೆಲ್ಲಿಂಗ್ಟನ್ನಿನ ಸೇನಾ ಕಚೇರಿಯಲ್ಲಿ ಹೊಸದಾಗಿ ಗುಮಾಸ್ತನಾದ ನನ್ನ ಚಿಕ್ಕಪ್ಪನ ಮಗ ಪವನ್ ಬಗ್ಗಿದಾಗ ಅಜ್ಜಿ, "ಪಟಾಲಮಿನ ಬೂಟು ಸದ್ದಿಗ ನಿನ್ನ ಎದೆ ನಡುಗದಿರಲಿ, ಸಲಾಂ ಹೊಡೆದ ಕೈ ಅವ್ವೆಯ ಮರೆಯದಿರಲಿ" ಎಂದಳು. ಅದೇ ದಿನ ಪಕ್ಕದ ಮನೆಯ ಬಸುರಿಗೆ ಬೇರೆಯೇ ಮಾತು. ಹಳೆಯ ನಾಲ್ಕು ಸಾಲು ಬರೀ ಹೊಸಿಲಾಗಿತ್ತು, ಮನೆ ಅದರಾಚೆ ಇತ್ತು. ಕಟ್ಟುವ ಕ್ರಮವನ್ನೂ ಹಿಡಿದೆ: ಮೊದಲು ಎಲ್ಲರಿಗೂ ಸಲ್ಲುವ ಸಾಲು, ಆಮೇಲೆ ಬಗ್ಗಿದವರ ದಾರಿ, ಕಸುಬು, ಭಯ, ಕೊನೆಗೆ ಅವರು ಬಾಯಿಬಿಟ್ಟು ಕೇಳದ ಆಸೆ. ಖುಷಿಯಿಂದ ಬರೆದೆ. ಬರೆಯುವಾಗ ಮಹಾಲಿಂಗಂ ಅವರನ್ನು ನೆನೆದು ಆಗಾಗ ಹಲ್ಲು ಕಡಿದೆ ಕೂಡ.

ಮೌಖಿಕ ಪರೀಕ್ಷೆ ಊಟಿಯಲ್ಲಿ, ಎಲ್ಲರೂ ಬಂದು ಕೇಳಬಹುದಾದ ಸಭೆಯಲ್ಲಿ. ನನ್ನ ಮಾರ್ಗದರ್ಶಕಿ ಪಂಕಜಂ ಮೇಡಂ ಬೆಳಿಗ್ಗೆಯೇ, "ಸುಗನ್ಯಾ, ದಯವಿಟ್ಟು ಜಗಳ ಆಡಬೇಡ" ಎಂದು ಕೈಮುಗಿದಿದ್ದರು. ಅಜ್ಜಿ ನಮ್ಮ ಬಡಗ ಹೆಂಗಸರ ಬಿಳಿ ಮುಂಡು ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು, ಪರೀಕ್ಷೆ ತನ್ನದೇ ಎಂಬಂತೆ.

ಮಹಾಲಿಂಗಂ ಕೊಯಮತ್ತೂರು ಕಡೆಯ ಕನ್ನಡ ಮನೆಮಾತಿನವರು, ಮೆಲುದನಿ. ಹೊಸ ಧ್ವನಿಮುದ್ರಣಗಳನ್ನು ಮೆಚ್ಚಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ಆದರೂ ಒಂದು ಸಂಶಯ. ಇವರ ಬಳಿ ನೂರಾರು ಸಿದ್ಧ ಸಾಲುಗಳು ಇರಬಹುದು. ಆರಿಸಿ ಜೋಡಿಸುತ್ತಾರೆ, ಅಷ್ಟೆ. ಹೊಸ ಸಾಲು ಹುಟ್ಟುತ್ತದೆ ಎನ್ನಲು ಏನು ಆಧಾರ? ಕಟ್ಟುವ ಕ್ರಮ ಹಿಡಿದಿದ್ದೇನೆ ಎನ್ನುತ್ತೀರಿ. ಹಾಗಿದ್ದರೆ ನೀವು ಕಟ್ಟಿ ತೋರಿಸಿ."

ನಾನು ಜನ್ಮದಲ್ಲಿ ಯಾರನ್ನೂ ಹರಸಿದವಳಲ್ಲ. ಹಿರಿಯರಿರುವ ಕಡೆ ಕಿರಿಯರು ಹರಸುವುದು ನಮ್ಮ ಹಟ್ಟಿಯಲ್ಲಿ ಶುದ್ಧ ಅಹಂಕಾರ. ಹಿರಿಯರಲ್ಲಿ ಹಿರಿಯಳು ಎದುರಿಗೇ ಕೂತಿದ್ದಾಳೆ. ಆಗುವುದಿಲ್ಲ ಎಂದರೆ ಪ್ರಬಂಧ ಹೋಯಿತು. ಹರಸಿದರೆ ಅಜ್ಜಿಯ ಮಾನ ಹೋಯಿತು. ಅವಳತ್ತ ನೋಡಿದೆ.

ಅಜ್ಜಿ ಎದ್ದಳು. ಪ್ರೊಫೆಸರನ್ನು ಕೆಕ್ಕರಿಸಿ ನೋಡಿದಳು. ಸೀದಾ ಬಾಗಿಲಿಗೆ ನಡೆದು, ಹೊಸಿಲು ದಾಟಿ, ಹೊರಗೋಡೆಗೆ ಮುಖ ಮಾಡಿ ನಿಂತು ಕೂಗಿದಳು: "ನಾ ಇಲ್ಲಿ ಇಲ್ಲೆ! ಹರಸು!"

ಸಭೆಯೆಲ್ಲ ನಕ್ಕಿತು. ನಗು ನಿಲ್ಲುವ ಮೊದಲೇ ಅಭಿನಯಾ ಬಂದು ನನ್ನೆದುರು ತಲೆ ಬಗ್ಗಿಸಿದಳು. ನನಗಿಂತ ಕಿರಿಯಳು, ಆನೆ ತಿರುಗುವ ಪಂದಲೂರು ಕಡೆಯ ಎಸ್ಟೇಟ್ ಶಾಲೆಯಲ್ಲಿ ಟೀಚರು. ಭಾಷಾಬೋಧನೆ ಕುರಿತು ನಮ್ಮ ವಿಭಾಗದಲ್ಲೇ ಸಂಶೋಧನೆ ಮಾಡುತ್ತಾಳೆ. ತಾಯಿ ತೀರಿದ ಮೇಲೆ ತಮ್ಮ ತಂಗಿಯರನ್ನು ಸಾಕಿದವಳು ಅವಳೇ. ಬಡಗರವಳಲ್ಲ, ಆದರೂ ಬಗ್ಗುವುದು ಹೇಗೆಂದು ನನ್ನ ಪ್ರಬಂಧ ಓದಿ ಕಲಿತಿದ್ದಳು.

ಅವಳ ತಲೆ ಮುಟ್ಟಿದೆ, ಕೂದಲು ಬೆಚ್ಚಗಿತ್ತು. ಎಲ್ಲರಿಗೂ ಸಲ್ಲುವ ಸಾಲುಗಳನ್ನು ಹೇಳಿ ಮುಗಿಸಿದೆ. ಮುಂದೆ ಏನು? ಆಮೇಲೆ ಪ್ರೊಫೆಸರು, ಪದವಿ, ಸಭೆ ಎಲ್ಲ ಮರೆತು ಅಭಿನಯಾ ಒಬ್ಬಳೇ ಉಳಿದಳು.

"ನೀ ನಡೆವ ಹಾದಿಲಿ, ನೀ ಬರುವ ಮುಂಚೆ ಆನೆ ದಾಟಿ ಹೋಗಿರಲಿ. ಪಂದಲೂರು ಬಸ್ಸಿಲಿ ನಿನಗ ಸೀಟು ಇರಲಿ. ನೀ ಕಲಿಸಿದ ಮಕ್ಕ, ನಿನ್ನ ತಪ್ಪ ತಿದ್ದುವಷ್ಟು ಕಲಿಯಲಿ."

ಸಭೆ ಮತ್ತೆ ನಕ್ಕಿತು. ಅಭಿನಯಾಳ ಹೆಗಲೂ ನಗುವಿನಿಂದ ಕುಲುಕಿತು. ಉಳಿದದ್ದು ಅವಳು ಕೇಳದ ಆಸೆ. ಅದು ನನ್ನ ಬಾಯಿಗೆ ತಾನಾಗಿ ಬಂತು.

"ಮನೆಗೆಲ್ಲ ನೀ ಅವ್ವೆ ಆದೆ. ನೀ ಬಗ್ಗಿದ ಕಡೆಲೆಲ್ಲ, 'ಕೂಸೇ' ಎಂದು ನಿನ್ನ ಹರಸುವ ಕೈಯೊಂದು ಇರಲಿ."

ಅಭಿನಯಾಳ ನಗು ನಿಂತಿತು. ತಲೆ ಎತ್ತಲಿಲ್ಲ. ನೆಲದ ಮೇಲೆ ಹನಿ ಬಿದ್ದದ್ದು ಕಂಡು ನಾನೂ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಪಂಕಜಂ ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಾಗಿಲಲ್ಲಿ ಅಜ್ಜಿ ಪ್ರತ್ಯಕ್ಷಳಾದಳು, ಹುಬ್ಬು ಗಂಟಿಕ್ಕಿ. "ಕಡೆ ಮಾತ ಎಲ್ಲಿಂದ ತಂದೆ? ನಾ ಕಲಿಸಿಲ್ಲೆ. ಎನ್ನ ಅವ್ವೆ ಹೇಳಿಲ್ಲೆ, ಅವಳ ಅವ್ವೆಯೂ ಹೇಳಿಲ್ಲೆ. ನಮ್ಮ ಹಟ್ಟಿಲಿ ಆರೂ ಹೇಳಿಲ್ಲೆ!"

ಕೆಟ್ಟೆ ಎಂದುಕೊಂಡೆ. ಮಹಾಲಿಂಗಂ ಮಾತ್ರ ಕುರ್ಚಿಯಿಂದ ಎದ್ದೇ ನಿಂತರು. "ಇನ್ನೊಮ್ಮೆ ಹೇಳಿ ತಾಯಿ. ಯಾರೂ ಹೇಳಿಲ್ಲವೇ?"

"ಇಲ್ಲೆ ಅಂದೆನಲ್ಲ!"

ಪ್ರೊಫೆಸರ್ ಸಭೆಯತ್ತ ತಿರುಗಿದರು. ಮುಖದ ತುಂಬ ನಗು. "ನನಗೆ ಬೇಕಿದ್ದ ಆಧಾರ ಸಿಕ್ಕಿತು. ಇದು ಸಾಹಿತ್ಯ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಡಾಕ್ಟರ್ ಸುಗನ್ಯಾ."

ಚಪ್ಪಾಳೆ ಎಷ್ಟು ಹೊತ್ತು ಬಿತ್ತೋ ನನಗೆ ತಿಳಿಯದು. ನಾನು ಅಜ್ಜಿಯ ಹತ್ತಿರ ಓಡಿ, "ತಪ್ಪಾತಾ?" ಎಂದೆ.

ಅವಳು ತುಟಿ ಅಲುಗಿಸುತ್ತ ಆ ಸಾಲನ್ನು ತನ್ನಷ್ಟಕ್ಕೆ ಒಮ್ಮೆ, ಇನ್ನೊಮ್ಮೆ ಹೇಳಿಕೊಂಡಳು.

"ನಾಳೆ ಹಟ್ಟಿಲಿ ಮದುವೆ ಇದೆ," ಎಂದಳು. "ನಾ ಇದ ಹೇಳುವೆ."